ಅತ್ತೆಯ ಫಾರೆನ್ ವಶೀಲಿ

ನಾನು ಬೆಳಗಾವಿಯ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಏನು ಪಾಠ ಎಂದು ಬೀಗರು ಕೇಳಿದರೆ ಮಾತು ಬದಲಿಸುತ್ತೇನೆ. ಯಾಕೆಂದರೆ ನನ್ನ ವಿಷಯ, ಕಮ್ಯುನಿಸ್ಟ್ ಸರ್ಕಾರಗಳು ಬಿದ್ದುಹೋದ ಮೇಲೆ ಆ ದೇಶಗಳು ತಮ್ಮ ಕಾನೂನನ್ನು ಹೇಗೆ ಹೊಸದಾಗಿ ಕಟ್ಟಿಕೊಂಡವು ಎಂಬುದು. ಒಮ್ಮೆ ಮದುವೆಯ ಪಂಕ್ತಿಯಲ್ಲಿ ಕೂತು ಉತ್ಸಾಹದಿಂದ ವಿವರಿಸಲು ಹೋದೆ. ಪಕ್ಕದಲ್ಲಿದ್ದ ಹಿರಿಯರು ಎಲೆಯ ಮುಂದೆಯೇ ತೂಕಡಿಸಿದರು. ಅಂದಿನಿಂದ ಬುದ್ಧಿ ಬಂದಿದೆ. ಈಗ ‘ಸಿವಿಲ್ ಲಾ ರೀ’ ಎಂದಷ್ಟೇ ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತೇನೆ.

ತರಗತಿಯಲ್ಲಿ ಮಾತ್ರ ಈ ವಿಷಯ ಚೆನ್ನಾಗಿ ಓಡುತ್ತದೆ. ಆ ಕಾಲದಲ್ಲಿ ಅಲ್ಲಿಯ ಜಡ್ಜರ ಮೇಜಿನ ಮೇಲೆ ಒಂದು ಫೋನ್ ಇರುತ್ತಿತ್ತು. ದೊಡ್ಡ ಖಟ್ಲೆ ಇದ್ದರೆ ತೀರ್ಪಿಗೆ ಮೊದಲು ಪಕ್ಷದ ಕಚೇರಿಯಿಂದ ಅದು ಗಣಗಣಿಸುತ್ತಿತ್ತು. ಏನು ಬರೆಯಬೇಕೆಂದು ಆಚೆಯ ದನಿ ತಿಳಿಸುತ್ತಿತ್ತು. ಜನ ಇದಕ್ಕೆ ‘ಟೆಲಿಫೋನ್ ನ್ಯಾಯ’ ಎಂದು ಹೆಸರಿಟ್ಟಿದ್ದರು. ನಾನು ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೂಗುತ್ತಾರೆ: “ತಿಳೀತ್ರಿ ಮೇಡಂ. ವಶೀಲಿ!”

ವಶೀಲಿ ಎಂದರೆ ನಮ್ಮ ಕಡೆ ಯಾರಿಗೂ ಅರ್ಥ ಹೇಳಬೇಕಿಲ್ಲ. ದೊಡ್ಡವರ ಗುರುತು, ಅವರ ಬಾಯಿಂದ ಒಂದು ಮಾತು, ಅದರಿಂದ ಆಗುವ ಕೆಲಸ. ದವಾಖಾನೆಯಲ್ಲಿ ಪಾಳಿ ಬೇಗ ಬರಲಿ ಎಂದು, ಮಗುವಿಗೆ ಸಾಲೆಯಲ್ಲಿ ಸೀಟು ಸಿಗಲಿ ಎಂದು ಜನ ವಶೀಲಿ ಹಚ್ಚುತ್ತಾರೆ. ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಕಂಡಕ್ಟರನ ಮಾವನ ಹೆಸರು ಹೇಳಿದವರನ್ನೂ ನೋಡಿದ್ದೇನೆ. ಹಕ್ಕಿನಿಂದ ಸಿಗುವುದಕ್ಕೂ ವಶೀಲಿ ಹಚ್ಚುವುದು ನಮ್ಮ ವೈಶಿಷ್ಟ್ಯ. ಹಚ್ಚದೆ ಸಿಕ್ಕಿದರೆ ಏನೋ ಮೋಸವಿದೆ ಎಂದು ನಮಗೆ ಅನುಮಾನ.

ಪಾಠ ಪಾಠದಲ್ಲೇ ಉಳಿದಿದ್ದರೆ ಎಲ್ಲ ಚೆನ್ನಾಗಿತ್ತು. ಅದು ನನ್ನ ಸೋದರತ್ತೆಯ ರೂಪದಲ್ಲಿ ಮನೆಗೇ ಬಂತು.

ನಮ್ಮದು ತಲೆತಲಾಂತರದಿಂದ ದನ ಮೇಯಿಸಿದ ಮನೆತನ. ಈಗ ನಾವೆಲ್ಲ ತಿಂಗಳ ಪಗಾರದವರಾಗಿದ್ದೇವೆ. ಅತ್ತೆಯ ಮಗ ಕೂಡ ದಿನಾ ಬೈಕಿನಲ್ಲಿ ಬೆಳಗಾವಿಗೆ ಬಂದು ಫೌಂಡ್ರಿಯಲ್ಲಿ ಕೆಲಸ ಮಾಡಿ ಹೋಗುತ್ತಾನೆ. ಖಾನಾಪುರದ ಹತ್ತಿರದ ಹಳ್ಳಿಯಲ್ಲಿ ಅತ್ತೆಯೊಬ್ಬಳೇ ಇನ್ನೂ ಎಮ್ಮೆ ಬಿಟ್ಟಿಲ್ಲ. ನಾನು ಆಕೆಯ ಮನೆಯಲ್ಲಿದ್ದುಕೊಂಡೇ ಸಾಲೆ ಕಲಿತವಳು. ನನ್ನ ಜಡೆ ಹೆಣೆದವಳು, ಲೆಕ್ಕ ತಪ್ಪಿದರೆ ಬೆನ್ನಿಗೆ ಗುದ್ದಿದವಳು ಆಕೆಯೇ. ಎಮ್ಮೆಗಳಿಗೂ ನನಗೂ ಒಂದೇ ದನಿಯಲ್ಲಿ ಬೈಯುತ್ತಿದ್ದಳು, ಪ್ರೀತಿಯೂ ಒಂದೇ ಅಳತೆಯದು.

ಅತ್ತೆಯ ಕೊಟ್ಟಿಗೆಯಿಂದ ಹಳ್ಳಕ್ಕೆ ಹೋಗಲು ಪಕ್ಕದವನ ಗದ್ದೆಯ ನಡುವೆ ಒಂದು ಹಾದಿ. ಅಜ್ಜನ ಕಾಲದಿಂದ ಎಮ್ಮೆಗಳು ಅಲ್ಲೇ ನಡೆದು ನೀರು ಕುಡಿದು, ಕೆಸರಿನಲ್ಲಿ ಹೊರಳಿ ಬರುತ್ತಿದ್ದವು. ಪಕ್ಕದವನು ಭತ್ತ ಬಿಟ್ಟು ಕಬ್ಬು ಹಚ್ಚಿದ. ಎಮ್ಮೆಗಳು ಹೋಗುತ್ತ ಒಂದು ಬಾಯಿ, ಬರುತ್ತ ಒಂದು ಬಾಯಿ ಹಾಕಿದವು. ಅವನು ಮೊದಲು ಮುಳ್ಳು ಹಾಕಿದ, ಆಮೇಲೆ ತಂತಿ ಬಿಗಿದ. ಅತ್ತೆ ಕೋರ್ಟಿಗೆ ಹೋದಳು. ಹಳ್ಳಕ್ಕೆ ಈ ಹಾದಿ ಬಿಟ್ಟರೆ ಇರುವುದು ಡಾಂಬರು ರಸ್ತೆ ಮಾತ್ರ. ಅಲ್ಲಿ ದಾಟಿಸುವಾಗ ಒಂದು ಎಮ್ಮೆಗೆ ಲಾರಿ ತಾಗಿ ಅದರ ಕಾಲು ಮುರಿಯಿತು. ಅವತ್ತು ಮಗ ಕಡ್ಡಿ ಮುರಿದಂತೆ ಹೇಳಿದ: “ದಾರಿ ಸಿಕ್ರ ಸಿಗ್ತು. ಇಲ್ಲಂದ್ರ ಎಲ್ಲಾ ಎಮ್ಮಿ ಮಾರಿಬಿಡೂಣು, ಅವ್ವಾ. ಇನ್ನೊಂದ್ ಸಲ ಲಾರಿ ಬಂದು ನಿನಗ ತಾಗೂದು ಬ್ಯಾಡ.” ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಎಮ್ಮೆಯಿಲ್ಲದ ಅತ್ತೆಯನ್ನು ನನಗೆ ಊಹಿಸಲೂ ಆಗಲಿಲ್ಲ.

ಖಾನಾಪುರ ಕೋರ್ಟಿಗೆ ಹೊಸ ಜಡ್ಜ್ ಬಂದರು. ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕೂತು, ನನ್ನ ಪಾಠದ ನಡುವೆಯೇ ಡಬ್ಬಿ ತೆಗೆದು ಚುರಮುರಿ ತಿನ್ನುತ್ತಿದ್ದ ಹುಡುಗ. ಅತ್ತೆಯ ವಕೀಲರು ಬಾಯಿ ತಡೆಯದೆ ಅದನ್ನು ಅತ್ತೆಗೆ ಹೇಳಿಬಿಟ್ಟರು. ಮರುದಿನವೇ ಆಕೆ ಮೊಸರಿನ ಡಬ್ಬಿ ಹಿಡಿದು ಬೆಳಗಾವಿಯ ಶಹಾಪುರ ಪೇಟೆಯ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು.

“ಅಂವ ನಿನ್ನ ಕೈಯಾಗ ಕಲತಾನಂತ?”

“ಹೌದತ್ತಿ.”

“ಹಂಗಾದ್ರ ಒಂದ್ ಫೋನ್ ಮಾಡು.”

“ಅತ್ತಿ, ಹಂಗ ಮಾಡಾಕ ಬರೂದಿಲ್ಲ.”

“ಫೋನ್ ಮಾಡಾಕ ಬರೂದಿಲ್ಲ? ಮತ್ತ ಇಷ್ಟ ಕಲತು ಏನ್ ಮಾಡಿದಿ?”

ನಾನು ಕುಳ್ಳಿರಿಸಿ, ಚಹಾ ಕೊಟ್ಟು, ಸಮಾಧಾನದಿಂದ ವಿವರಿಸಿದೆ. ನ್ಯಾಯಾಧೀಶರ ಸ್ವಾತಂತ್ರ್ಯ, ಪಕ್ಷಪಾತವಿಲ್ಲದ ವಿಚಾರಣೆ, ಎಲ್ಲವನ್ನೂ. ಅತ್ತೆ ಚಹಾ ಮುಗಿಸಿ ಬಸಿಯನ್ನು ಕೆಳಗಿಟ್ಟಳು.

“ನಾ ಏನ್ ಸುಳ್ಳ ಹೇಳಂದ್ನೇನು? ದಾರಿ ನಂದ ಐತಿ. ಖರೇ ಇದ್ದದ್ದನ್ನ ಖರೇ ಅಂತ ಹೇಳಾಕ ಏನ್ ಧಾಡಿ?”

“ಆಚಿ ಕಡಿಯಾಂವಗೂ ತಂದ ಖರೇ ಅನಸ್ತಿರ್ತೈತಿ ಅತ್ತಿ. ಅಂವನೂ ಯಾರಿಂದರೆ ಫೋನ್ ಮಾಡಿಸಿದ್ರ?” ಎಂದೆ.

“ಅದಕ್ಕಽ ಅನ್ನೂದು, ಅಂವಕಿಂತ ಮೊದಲ ನೀ ಮಾಡು!”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ದನಿ ಏರಿತು. ಅತ್ತೆಯದೂ ಅದೇ ರಕ್ತ. ಕೊನೆಗೆ ಆಕೆ ಎದ್ದು ಸೆರಗು ಸರಿಮಾಡಿಕೊಂಡು, ಮುಚ್ಚಳ ತೆಗೆಯದ ಮೊಸರಿನ ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ನಲವತ್ತು ದಾಟಿದ ಹೆಂಗಸು ನಾನು, ಆ ಮೊಸರಿಗಾಗಿ ಅಡಿಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಅಂದಿನಿಂದ ಆಕೆ ನನ್ನ ಜೊತೆ ಮಾತು ಬಿಟ್ಟಳು.

ಇದೇ ಸಮಯಕ್ಕೆ ನಮ್ಮ ಕಾಲೇಜಿಗೆ ಒಬ್ಬ ಅತಿಥಿ ಬಂದರು. ಪೂರ್ವ ಯುರೋಪಿನ ಒಂದು ಸಣ್ಣ ದೇಶದಲ್ಲಿ ನ್ಯಾಯಾಧೀಶೆ. ದೇಶದ ಹೆಸರು ಹೇಳಿದರೆ ಆಕೆಯ ಗುರುತು ಹತ್ತುತ್ತದೆ, ಅಷ್ಟು ಸಣ್ಣ ದೇಶ. ಕೆಲವು ವಾರ ಉಪನ್ಯಾಸ ಕೊಡಲು ಬಂದಿದ್ದರು. ಅತಿಥಿಗೃಹದಲ್ಲಿ ನೀರಿನ ತೊಂದರೆಯಿದ್ದದ್ದರಿಂದ ನಮ್ಮ ಮನೆಯಲ್ಲೇ ಇಳಿಸಿಕೊಂಡೆ. ಮೊದಲ ದಿನ ಪಕ್ಕದ ಮನೆಯ ಮಗ್ಗದ ಸದ್ದು ಕೇಳಿ, ಇಷ್ಟು ಹತ್ತಿರದಲ್ಲಿ ರೈಲು ಹೋಗುತ್ತದೆಯೇ ಎಂದು ಕೇಳಿದರು. ಮೂರನೆಯ ದಿನ ಕರೆಂಟು ಹೋಗಿ ಮಗ್ಗ ನಿಂತಾಗ, ಏನೋ ಕಳೆದುಕೊಂಡವರಂತೆ ಕಿಟಕಿಗೆ ಬಂದು ನೋಡಿದರು. ಅರವತ್ತರ ಆಸುಪಾಸು, ದುಂಡು ಮೈ, ಮನೆ ತುಂಬುವ ನಗು. ನನ್ನ ಗಂಡ ಆಕೆಗೆ ‘ಜಡ್ಜಮ್ಮ’ ಎಂದು ಹೆಸರಿಟ್ಟ. ಆಕೆಗೆ ಅದೇ ಇಷ್ಟವಾಗಿ, ಕಾಲೇಜಿನಲ್ಲೂ ಹಾಗೇ ಪರಿಚಯ ಮಾಡಿಕೊಂಡರು.

ಜಡ್ಜಮ್ಮನ ಉಪನ್ಯಾಸಕ್ಕೆ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟುಕೊಂಡು ಕೂತಿದ್ದರು. ಸರ್ಕಾರ ಬಿದ್ದಾಗ ಆಕೆ ಒಂದು ಪುಟ್ಟ ಪೇಟೆಯಲ್ಲಿ ಹೊಸ ನ್ಯಾಯಾಧೀಶೆ. ಇಬ್ಬರು ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಜಗಳಾಡುತ್ತಿದ್ದರು, ಅವರಲ್ಲೊಬ್ಬ ಪಕ್ಷದವನು. ತೀರ್ಪು ಬರೆಯಲು ಕೂತು, ರೂಢಿಯಂತೆ ಫೋನಿಗಾಗಿ ಕಾದರು. ಬರಲಿಲ್ಲ. ಕೆಟ್ಟಿದೆಯೋ ಎಂದು ಎತ್ತಿ ನೋಡಿದರು, ನೆಟ್ಟಗೆ ಇತ್ತು. ಆಚೆ ಫೋನ್ ಮಾಡುವವನೇ ಊರು ಬಿಟ್ಟು ಓಡಿದ್ದ. “ಇನ್ನು ನಾನೇ ಯೋಚಿಸಬೇಕು ಎಂದು ಗೊತ್ತಾದಾಗ ಸಂತೋಷವಾಗಲಿಲ್ಲ, ಇನ್ನೊಮ್ಮೆ ಫೋನ್ ಎತ್ತಿ ನೋಡಿದೆ” ಎಂದರು. ಆಮೇಲೆ ಪಶ್ಚಿಮದಿಂದ ತಜ್ಞರು ಬಂದರು, ಹೊಸ ಕಾನೂನುಗಳನ್ನು ಗಂಟುಗಟ್ಟಲೆ ತಂದರು, ಸಂಸತ್ತು ಕೈಯೆತ್ತಿ ಒಪ್ಪಿತು. “ಕಾನೂನು ಬದಲಿಸಲು ಒಂದು ಮಧ್ಯಾಹ್ನ ಸಾಕಾಯಿತು. ಫೋನ್ ಬಂದೇ ಬರುತ್ತದೆ ಎಂಬ ಜನರ ನಂಬಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.”

ಅತ್ತೆಯ ಮಗನಿಂದ ಈ ಅತಿಥಿಯ ಸುದ್ದಿ ಹಳ್ಳಿಗೆ ಮುಟ್ಟಿತು. ಅತ್ತೆ ಮಗನ ಮೂಲಕವೇ ಹೇಳಿ ಕಳಿಸಿದಳು: “ಸಿಟ್ಟ ಇರೂದು ನಿನ್ನ ಮ್ಯಾಲ. ಆ ಬಾಯಿ, ಪಾಪ ಹೆಣ್ಣಮಗಳು, ಏನ್ ಮಾಡ್ಯಾಳ? ಊಟಕ್ಕ ಕರಕೊಂಡ ಬಾ.” ಮನೆಗೆ ಬಂದ ಅತಿಥಿಗೆ ಸೋದರತ್ತೆಯ ಮನೆಯ ಊಟ ಹಾಕಿಸದಿದ್ದರೆ ಊರಲ್ಲಿ ಮಾತು ಬರುತ್ತದಂತೆ. ಭಾನುವಾರ ಕಾರು ಮಾಡಿಕೊಂಡು ಹೋದೆವು.

ಅತ್ತೆ ನನಗೆ “ಬಾ” ಎಂದಷ್ಟೇ ಅಂದು, ಜಡ್ಜಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅಕ್ಕಿ ಭಕ್ಕರಿ, ಬದನೆಕಾಯಿ ಪಲ್ಯ, ಚಾಕುವಿನಲ್ಲಿ ಕೊಯ್ಯಬಹುದಾದ ಮೊಸರು. ಜಡ್ಜಮ್ಮ ತಮ್ಮ ಊರಿನಲ್ಲೂ ಅಜ್ಜಿ ಇಂಥದೇ ಮೊಸರು ಹಾಕುತ್ತಿದ್ದಳೆಂದು ಹೇಳಿ ಮೂರನೆಯ ಸಲ ಬಡಿಸಿಕೊಂಡರು. ಅತ್ತೆಯ ಮುಖ ಅರಳಿತು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ನಡುವೆ ನನ್ನನ್ನು ಬಿಟ್ಟು ಧಾರಾಳವಾಗಿ ಹರಟಿದರು. ಊಟವಾದ ಮೇಲೆ ಎಮ್ಮೆ ನೋಡಬೇಕೆಂದರು. ಎಮ್ಮೆ ನೋಡಿದ ಮೇಲೆ ಹಳ್ಳ ಎಲ್ಲಿ ಎಂದರು. ಅತ್ತೆ ಕೈ ಹಿಡಿದು ತಂತಿಯ ತನಕ ಕರೆದೊಯ್ದಳು.

ಜಡ್ಜಮ್ಮ ಅಲ್ಲಿ ನಿಂತು ತಂತಿ ಮುಟ್ಟಿ ನೋಡಿದರು. ಆಚೆಯ ಹಾದಿಯ ಫೋಟೊ ತೆಗೆದರು, ಕಬ್ಬಿನದು ತೆಗೆದರು, ಎಮ್ಮೆಗಳದು ತೆಗೆದರು. ಪ್ರವಾಸಿಗರು ಎಲ್ಲದರದೂ ತೆಗೆಯುತ್ತಾರೆ. ಕಬ್ಬಿನ ಮರೆಯಲ್ಲಿ ಪಕ್ಕದವನು ನಿಂತಿದ್ದ. ಆಕೆ ಅವನಿಗೂ ಕೈ ಬೀಸಿ ನಕ್ಕರು. ಅವನು ಟೋಪಿ ತೆಗೆದು, ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈ ಜೋಡಿಸಿದ.

ಹಿಂದಿನಿಂದ ನೆರೆಮನೆಯ ಹೆಂಗಸು ಅತ್ತೆಯನ್ನು ಕೇಳುವುದು ನನಗೆ ಕೇಳಿಸಿತು. “ಯಾರವ್ವಾ ಈಕಿ?”

“ಜಡ್ಜ್ ಅದಾಳ. ಫಾರೆನ್ ಜಡ್ಜ್.”

“ಇಲ್ಲಿ ಯಾಕ ಬಂದಾಳು?”

“ನಮ್ಮ ದಾರಿ ನೋಡಾಕ.”

ಅತ್ತೆ ಸುಳ್ಳೇನೂ ಹೇಳಲಿಲ್ಲ. ಆದರೆ ಸಂಜೆಯ ಹೊತ್ತಿಗೆ ಈ ಮಾತು ಊರಿನ ಕಟ್ಟೆಗೆ ಮುಟ್ಟಿತ್ತು. ಮರುದಿನ ಹಾಲಿನ ಡೇರಿಯಲ್ಲಿ ಜಡ್ಜಮ್ಮ ದಿಲ್ಲಿಯ ಕೋರ್ಟಿಗಿಂತ ಮೇಲಿನವರಾದರು. ಅದರ ಮರುದಿನ ಇಡೀ ಜಗತ್ತಿನ ಕೋರ್ಟಿನವರು, ದಾರಿ ಅಳೆದು ಫೋಟೊ ತೆಗೆದುಕೊಂಡು ಹೋಗಿದ್ದಾರೆ, ಅಲ್ಲಿಂದ ಖಾನಾಪುರಕ್ಕೆ ಹುಕುಂ ಬರುತ್ತದೆ. ನಮ್ಮ ಕಡೆ ವಶೀಲಿಗೆ ಎತ್ತರದ ಮಿತಿ ಇಲ್ಲ.

ವಾರ ತುಂಬುವ ಮೊದಲೇ ಅತ್ತೆಯಿಂದ ಫೋನ್ ಬಂತು. ಮುನಿಸಿಕೊಂಡ ಮೇಲೆ ಮೊದಲ ಸಲ. “ಯವ್ವಾ, ಅಂವ ರಾಜಿಗಿ ಬಂದಾನ! ಎಮ್ಮಿ ದಾರಿ ಅಷ್ಟ ಅಲ್ಲ, ಚಕ್ಕಡಿ ಹೋಗೂವಷ್ಟು ಬಿಡ್ತೀನಂತ ಅವನ ವಕೀಲ ಹೇಳ್ಯಾನ. ನೀ ಮಾಡ್ಲಿಲ್ಲಂದ್ರ ಇಲ್ಲ, ನಿನ್ನ ಗೆಳತಿ ಮಾಡಿಕೊಟ್ಟಳು ನೋಡು!”

ಆ ದನಿಯಲ್ಲಿದ್ದ ಹಿಗ್ಗು ಕೇಳಿ ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಆಮೇಲೆ ವಿಷಯ ತಲೆಗೆ ಹತ್ತಿತು. ಒಳಗೆ ಹೋಗಿ ಜಡ್ಜಮ್ಮನಿಗೆ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ನಗುನಗುತ್ತಲೇ ಮುಖ ಬಿಳುಚಿತು.

“ಇಡೀ ಜೀವನ ನಾನು ಯಾವುದರ ಜೊತೆ ಗುದ್ದಾಡಿದೆನೋ, ಇಲ್ಲಿ ಬಂದು ನಾನೇ ಅದಾಗಿಬಿಟ್ಟೆ. ನಾನೇ ಆ ಫೋನು!” ಎಂದರು. “ಅವನಿಗೆ ನಿಜ ಹೇಳಬೇಕು.”

ಹೇಳಬೇಕು ಎನ್ನುವುದು ನನಗೂ ಗೊತ್ತಿತ್ತು. ಆದರೆ ಹೇಳಿದರೆ ರಾಜಿ ಮುರಿದುಬೀಳುತ್ತದೆ, ರಾಜಿ ಮುರಿದರೆ ಎಮ್ಮೆಗಳು ಹೋಗಬಹುದು. ಇಷ್ಟು ವರ್ಷ ಕಾನೂನಿನ ಆಡಳಿತ ಎಂದು ಗಂಟಲು ಹರಿದುಕೊಂಡವಳು, ಅವತ್ತು ದೇವರ ಮನೆಯಲ್ಲಿ ನಿಂತು ‘ಅವನು ನಂಬದೇ ಇರಲಿ’ ಎಂದು ಬೇಡಿಕೊಂಡೆ. ದೇವರು ಅದನ್ನು ಅಕ್ಷರಶಃ ನಡೆಸಿಕೊಟ್ಟ.

ರಾಜಿಯ ತಾರೀಖಿನ ದಿನ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಎಲ್ಲರೂ ಸೇರಿದೆವು. ಅತ್ತೆ ನನ್ನ ಮೊಣಕೈ ಜಗ್ಗಿ, “ಇವತ್ತೊಂದಿನ ಬಾಯಿ ಮುಚ್ಚಿಕೊಂಡು ಕುಂದರ್ರಿ” ಎಂದಳು. ಜಡ್ಜಮ್ಮ ಕೇಳಲಿಲ್ಲ. ಪಕ್ಕದವನ ಎದುರು ಕುರ್ಚಿ ಎಳೆದುಕೊಂಡು ಕೂತು, ತಮಗೆ ಇಲ್ಲಿ ಯಾವ ಅಧಿಕಾರವೂ ಇಲ್ಲ, ಇಲ್ಲಿಯ ಜಡ್ಜರ ಪರಿಚಯವಿಲ್ಲ, ತಾವು ಊಟಕ್ಕೆ ಬಂದವರಷ್ಟೇ ಎಂದು ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅವನ ಮನೆಮಾತು ಮರಾಠಿ, ಇನ್ನೂ ಸ್ಪಷ್ಟವಾಗಲಿ ಎಂದು ಮರಾಠಿಯಲ್ಲೂ ಹೇಳಿದೆ.

ಅವನು ಎರಡನ್ನೂ ವಿನಯದಿಂದ ಕೇಳಿ ತಲೆಯಾಡಿಸಿದ. “ತಿಳೀತ್ರಿ ಅಕ್ಕಾರ. ದೊಡ್ಡವರು ಎಲ್ಲೆರೆ ‘ನಂದು ನಡೀತೈತಿ’ ಅಂತಾರೇನ್ರಿ? ನನ್ನ ಕಡೆ ಇರೂ ಪುಢಾರಿ ಒಬ್ಬಾಂವ ‘ಎಲ್ಲಾ ನಂದ ನಡೀತೈತಿ’ ಅಂತ ಊರ ತುಂಬ ಹೇಳ್ತಾನ್ರಿ, ಅವನಿಂದ ಒಂದ್ ಕೆಲಸಾ ಆಗಿಲ್ಲ. ಬಾಯಾರು ಇಷ್ಟ ದೂರ ಬಂದು ‘ನನ್ನಿಂದ ಏನೂ ಆಗೂದಿಲ್ಲ’ ಅಂದಮ್ಯಾಲೆ ನನಗೆಲ್ಲಾ ತಿಳೀತು.”

ಜಡ್ಜಮ್ಮ ಮತ್ತೊಮ್ಮೆ ಹೇಳಿದರು. ಅವನು ಮತ್ತೆ ಎರಡೂ ಕೈ ಜೋಡಿಸಿದ. ಕೊನೆಗೆ ನನ್ನ ಕಡೆ ಬಾಗಿ ದನಿ ತಗ್ಗಿಸಿದ. “ಒಂದ್ ಮಾತ್ರಿ ಅಕ್ಕಾರ. ನಮ್ಮ ಮಗಳು ಡಾಕ್ಟರ್ ಕಲಿಯಾಕ ಅವ್ರ ಕಡೀ ದೇಶಕ್ಕ ಹೋಗಾಕಿ ಅದಾಳ. ವೀಸಾ ಇನ್ನೂ ಬರಬೇಕು. ದಾರಿ ಬೇಕಂದ್ರ ಇನ್ನೂ ಅಗಲ ಬಿಡ್ತೀನ್ರಿ, ಅಕೀ ವೀಸಾಕ್ಕ ಅಡ್ಡಿ ಆಗೂದು ಬ್ಯಾಡ ಅಂತ ಬಾಯಾರಿಗೆ ಹೇಳ್ರಿ.”

ನಗುವ ಮಾತೇ. ನನಗೆ ನಗು ಬರಲಿಲ್ಲ. ಒಬ್ಬ ತಂದೆ ಮಗಳಿಗಾಗಿ ಹೆದರಿ ತನ್ನ ಭೂಮಿ ಬಿಡುತ್ತಿದ್ದ, ಆ ಹೆದರಿಕೆಗೆ ನಾವು ಕಾರಣರಾಗಿದ್ದೆವು. ಅತ್ತೆ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಳು. ಮುಖದ ಮೇಲಿನ ಹಿಗ್ಗು ಇಳಿದಿತ್ತು. ಸ್ವಲ್ಪ ಹೊತ್ತಿಗೆ ನನ್ನನ್ನು ಕೇಳಿದಳು: “ಈಕಿ ಯಾವಾಗ ಹೊಳ್ಳಿ ಹೋಗ್ತಾಳ?”

“ಮುಂದಿನ ವಾರ.”

“ಮತ್ತ ಬರ್ತಾಳೇನು?”

“ಹೆಂಗ ಹೇಳೂದು ಅತ್ತಿ.”

ಅತ್ತೆ ಎಲೆ ಅಡಿಕೆಯ ಚೀಲ ತೆಗೆದಳು. ಏನನ್ನೂ ಹಾಕಿಕೊಳ್ಳದೆ ಮತ್ತೆ ಕಟ್ಟಿದಳು. ಅಷ್ಟರಲ್ಲಿ ಕೋರ್ಟಿನ ಬಾಗಿಲಲ್ಲಿ ಅವಳ ಹೆಸರು ಕೂಗಿದರು.

ನಾನೂ ಜಡ್ಜಮ್ಮನೂ ಹಿಂದಿನ ಬೆಂಚಿನಲ್ಲಿ ಕೂತೆವು. ನನ್ನ ಹಳೆಯ ವಿದ್ಯಾರ್ಥಿ ಮೇಲೆ ಕೂತಿದ್ದರು. ನಮ್ಮ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. ರಾಜಿಯ ಕಾಗದ ಓದಿ ಪಕ್ಕದವನನ್ನು ಕೇಳಿದರು: “ಇದು ನಿಮ್ಮ ಸ್ವಂತ ಮನಸ್ಸಿನಿಂದ ಮಾಡಿದ್ದಾ? ಯಾರದಾದರೂ ಒತ್ತಾಯ ಇದೆಯಾ?”

ಅವನು ಕತ್ತು ಹೊರಳಿಸಿ ಹಿಂದಿನ ಬೆಂಚು ನೋಡಿದ. “ಇಲ್ರಿ ಸಾಹೇಬ್ರ. ಯಾರದೂ ಇಲ್ರಿ.”

“ಅಮ್ಮಾ, ನಿಮಗೆ ಒಪ್ಪಿಗೆನಾ?”

“ಇಲ್ರಿ” ಎಂದಳು ಅತ್ತೆ.

ಅವಳ ವಕೀಲರು ಗಾಬರಿಯಿಂದ ತಿರುಗಿದರು. ಅತ್ತೆ ಅವರನ್ನು ಕೈಯಿಂದ ಬದಿಗೆ ಸರಿಸಿದಳು, ಕೊಟ್ಟಿಗೆಯಲ್ಲಿ ಕರುವನ್ನು ಸರಿಸುವ ಹಾಗೆ.

“ಅಂವ ಹೆದರ್ಯಾನ್ರಿ ಸಾಹೇಬ್ರ. ಹಿಂದ ಕುಂತ ಬಾಯಾರು ನಮ್ಮ ಮನಿಗಿ ಊಟಕ್ಕ ಬಂದಿದ್ರು, ಅಷ್ಟರಿ. ಮುಂದಿನ ವಾರ ಇಮಾನ ಹತ್ತತಾರ. ಅವ್ರು ಅತ್ತಾಗ ಹ್ವಾದ್ರು, ಇತ್ತಾಗ ಇಂವನ ಮಗಳಿಗಿ ವೀಸಾ ಬಂತು ಅಂದ್ರ ಮತ್ತ ತಂತಿ ಬಿಗೀತಾನ. ಆವಾಗ ನಾ ಇನ್ನೊಬ್ಬ ಫಾರೆನ್ನಿನವರ್ನ ಎಲ್ಲಿಂದ ತರ್ಲಿ? ದಾರಿ ನಂದು ಅಂತ ಕಂಡ್ರ ಹಂಗ ಬರೀರಿ. ಅಲ್ಲ ಅಂತ ಕಂಡ್ರ ಹಂಗ ಬರೀರಿ.”

ಜಡ್ಜರು ತಲೆ ತಗ್ಗಿಸಿ ಏನೋ ಬರೆದುಕೊಂಡರು. ಚುರಮುರಿ ಅಡಗಿಸಿಡುವಾಗಲೂ ಹಾಗೇ ತಲೆ ತಗ್ಗಿಸುತ್ತಿದ್ದರು, ನನಗೆ ಗೊತ್ತು. ರಾಜಿ ಒಪ್ಪದೆ, ಸಾಕ್ಷಿಗೆ ಮುಂದಿನ ತಾರೀಖು ಕೊಟ್ಟರು.

ಹೊರಗೆ ಬಂದಾಗ ಮಗ ತಲೆಗೆ ಕೈ ಹೊತ್ತು ಕೂತಿದ್ದ. “ಚಕ್ಕಡಿ ದಾರಿ ಬಿಡ್ತಿದ್ದ ಅವ್ವಾ, ಚಕ್ಕಡಿ ದಾರಿ! ದೀಪಾವಳಿತನಕ ನೋಡ್ತೀನಿ. ಆಮ್ಯಾಲ ಎಮ್ಮಿ ಮಾರೂದಽ” ಎಂದ. ಪಕ್ಕದವನಿಗೆ ತನ್ನ ಹೆದರಿಕೆ ನಾಲ್ಕು ಜನರೆದುರು ಬಯಲಾದ ಅವಮಾನ, ಯಾರ ಮುಖವನ್ನೂ ನೋಡದೆ ಹೋದ. ನಾನು ನಡೆದದ್ದನ್ನು ಅನುವಾದ ಮಾಡಿ ಹೇಳಿದೆ. ಜಡ್ಜಮ್ಮ ಕಣ್ಣು ತುಂಬಿಕೊಂಡು ಅತ್ತೆಯ ಎರಡೂ ಕೈ ಹಿಡಿದರು. ಅತ್ತೆ ಮೆಲ್ಲಗೆ ಬಿಡಿಸಿಕೊಂಡಳು.

“ಅಳ್ತಾಳ ಯಾಕ? ಇನ್ನೊಂದ್ ವರ್ಷ ಇಲ್ಲೇ ಇರ್ತೀನಿ ಅಂದಿದ್ರ ನಾನೂ ರಾಜಿ ಆಗತಿದ್ದೆ ಅಂತ ಹೇಳು” ಎಂದಳು. ಇದನ್ನು ಮಾತ್ರ ನಾನು ಅನುವಾದ ಮಾಡಲಿಲ್ಲ.

ಜಡ್ಜಮ್ಮ ಊರಿಗೆ ಹೋದರು. ದಾವೆ ಮಳೆಗಾಲದ ಉದ್ದಕ್ಕೂ ಎಳೆಯಿತು. ಕೋರ್ಟು ನೇಮಿಸಿದ ವಕೀಲರೊಬ್ಬರು ಕೊಡೆ ಹಿಡಿದು ಬಂದು, ಕೆಸರಿನಲ್ಲಿ ಒಮ್ಮೆ ಜಾರಿಬಿದ್ದು, ಗೊರಸು ತುಳಿದು ತಗ್ಗಾದ ಹಾದಿಯ ನಕ್ಷೆ ಬರೆದುಕೊಂಡು ಹೋದರು. ಕಟಕಟೆಯಲ್ಲಿ ಪಕ್ಕದವನನ್ನು ಅತ್ತೆಯ ವಕೀಲರು, ನೀವು ಹುಡುಗರಿದ್ದಾಗ ಹಳ್ಳಕ್ಕೆ ಈಜಲು ಯಾವ ಕಡೆಯಿಂದ ಹೋಗುತ್ತಿದ್ದಿರಿ ಎಂದು ಕೇಳಿದರಂತೆ. ಅವನು “ಇದಽ ದಾರೀಲೆರಿ. ಕಾಕೂನ ಎಮ್ಮಿ ಬಾಲಾ ಹಿಡಕೊಂಡು” ಎಂದು ಅತ್ತೆಯ ಕಡೆ ಕೈ ಮಾಡಿದನಂತೆ. ಇದು ಕೇಳಿ ಅವನ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿಯಿತು.

ಆ ದಿನಗಳಲ್ಲಿ ನಾನು ಪಟ್ಟ ಪಾಡು ಹೇಳಬೇಕು. ಡಾಂಬರು ರಸ್ತೆಯಲ್ಲಿ ಎಮ್ಮೆ ದಾಟಿಸುವ ಅತ್ತೆಯನ್ನು ನೆನೆದು, ಲಾರಿಯ ಹಾರ್ನ್ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಮೊಬೈಲಿನಲ್ಲಿ ನನ್ನ ವಿದ್ಯಾರ್ಥಿಯ ನಂಬರು ಇತ್ತು. ಅದನ್ನು ತೆಗೆದುಹಾಕಿದೆ. ಕಾಲೇಜಿನ ಸಮಾರಂಭವೊಂದಕ್ಕೆ ಅವರು ಅತಿಥಿಯಾಗಿ ಬಂದಾಗ, ನಮಸ್ಕಾರ ಮಾಡಲು ಬರುತ್ತಾರೆಂದು ಹೆದರಿ, ಗುರುವಾದ ನಾನೇ ಹಿಂದಿನ ಬಾಗಿಲಿನಿಂದ ಓಡಿ ಕ್ಯಾಂಟೀನಿನಲ್ಲಿ ಅಡಗಿ ಕೂತೆ. ಅತ್ತ ಹಳ್ಳಿಯಲ್ಲಿ ದಲ್ಲಾಳಿಯೊಬ್ಬ ಬಂದು ಎಮ್ಮೆಗಳ ಹಲ್ಲು ನೋಡಿಕೊಂಡು ಹೋಗಿದ್ದ.

ದೀಪಾವಳಿಗೆ ಮೊದಲು ತೀರ್ಪು ಬಂತು. ಚಕ್ಕಡಿ ದಾರಿ ಇಲ್ಲ. ಎಮ್ಮೆಗಳು ಸಾಲಾಗಿ ಹೋಗುವಷ್ಟು ಹಾದಿ ಅತ್ತೆಯದು, ಅದನ್ನು ಯಾರೂ ಮುಚ್ಚುವಂತಿಲ್ಲ. ಆದರೆ ಕಬ್ಬು ನಿಂತಿರುವಷ್ಟು ದಿನ ಎಮ್ಮೆಗಳ ಬಾಯಿಗೆ ಬುಟ್ಟಿ ಕಟ್ಟಿ ಹೊಡೆದುಕೊಂಡು ಹೋಗಬೇಕು. ನಾನು ಓದಿದ ಎಷ್ಟೋ ದೇಶಗಳ ಎಷ್ಟೋ ತೀರ್ಪುಗಳಿಗಿಂತ ಇದು ನನಗೆ ಚೆಂದ ಕಂಡಿತು. ಪಕ್ಕದವನ ಕಬ್ಬಿನ ಸಂಕಟವನ್ನೂ ಯಾರೋ ಕೂತು ಕೇಳಿದ್ದರು. ಅವನು ಮೇಲಿನ ಕೋರ್ಟಿಗೆ ಹೋಗಲಿಲ್ಲ, ಗೊಣಗುತ್ತಲೇ ತಂತಿ ಬಿಚ್ಚಿದ.

ಮುಂದಿನ ಭಾನುವಾರ ಹಳ್ಳಿಗೆ ಹೋದೆ. ಅತ್ತೆ ನನ್ನನ್ನು ಕಂಡು ಓಡಿ ಬಂದು ಕೆನ್ನೆ ಸವರಿ ನೆಟಿಕೆ ಮುರಿದಳು. ಬಾಯಿಗೆ ಬುಟ್ಟಿ ಕಟ್ಟಿಕೊಂಡ ಎಮ್ಮೆಗಳು ಮುಂದೆ, ನಾವಿಬ್ಬರು ಹಿಂದೆ ಹಳ್ಳದ ಕಡೆ ನಡೆದೆವು. ಎರಡೂ ಬದಿಗೆ ಆಳೆತ್ತರದ ಕಬ್ಬು. ನಡುದಾರಿಗೆ ಬಂದಾಗ ಅತ್ತೆ ಹಿಂದೆ ಮುಂದೆ ನೋಡಿ, ನನ್ನ ಕಿವಿಯ ಹತ್ತಿರ ಬಂದಳು.

“ಈಗರೆ ಹೇಳು. ಮಾಡಿದ್ಯಲ್ಲ?”

“ಏನು?”

“ಅವಂಗ ಒಂದ್ ಮಾತು. ಮಾಡೂದಿಲ್ಲ, ಮಾಡೂದಿಲ್ಲ ಅಂತ ಹೇಳಿ, ಕಡೀಕ ನನ್ನ ಸಲುವಾಗಿ ಮಾಡಿದ್ಯಲ್ಲ? ಇಲ್ಲಿ ಯಾರೂ ಇಲ್ಲ. ನನಗಷ್ಟ ಹೇಳು.”

ಆಕೆಯ ಕಣ್ಣಲ್ಲಿ ಎಂಥ ಪ್ರೀತಿ ಇತ್ತು ಎಂದರೆ, ಸುಮ್ಮನೆ ತಲೆಯಾಡಿಸಿಬಿಡೋಣ ಎನಿಸಿತು. ಬರೀ ನಕ್ಕಿದ್ದರೂ ಸಾಕಿತ್ತು. ಇಷ್ಟು ದಿನದ ಮುನಿಸು ತೊಳೆದುಹೋಗುತ್ತಿತ್ತು, ನಾನು ಮತ್ತೆ ಅವಳ ಜಡೆಯ ಹುಡುಗಿ ಆಗುತ್ತಿದ್ದೆ. ಆ ಆಸೆಯನ್ನು ತಡೆದುಕೊಳ್ಳುವುದು ನನಗೆ ಬಹಳ ಕಷ್ಟವಾಯಿತು.

“ಇಲ್ಲ ಅತ್ತಿ. ಮಾಡಿಲ್ಲ.”

“ಹೋಗ ಅತ್ತಾಗ” ಎಂದು ನಗುತ್ತ ನನ್ನ ಹೆಗಲಿಗೆ ಹೊಡೆದಳು.

“ನಿನ್ನಾಣಿ ಅತ್ತಿ. ನಾ ಯಾರಿಗೂ ಏನೂ ಹೇಳಿಲ್ಲ.”

ನಮ್ಮ ಮನೆತನದಲ್ಲಿ ಆಣೆಯನ್ನು ಸುಮ್ಮಸುಮ್ಮನೆ ಇಡುವುದಿಲ್ಲ. ಅತ್ತೆ ನಿಂತುಬಿಟ್ಟಳು. ಎಮ್ಮೆಗಳು ನೀರಿನ ವಾಸನೆ ಹಿಡಿದು ಮುಂದೆ ಹೋದವು.

“ಹಂಗಾದ್ರ ಆ ಬಾಯಿ ಹೇಳಿರಬೇಕು. ಅಲ್ಲಿಂದ.”

“ಇಲ್ಲ.”

“ವಕೀಲಾ?”

“ಅಂವ ವಾದಾ ಮಾಡ್ಯಾನ, ಅಷ್ಟ. ಯಾರೂ ಹೇಳಿಲ್ಲ ಅತ್ತಿ. ಸಾಹೇಬ್ರು ನಿನ್ನ ಮಾತು ಕೇಳಿದ್ರು, ಅವನ ಮಾತೂ ಕೇಳಿದ್ರು, ನಕಾಶಿ ನೋಡಿದ್ರು, ಬರದ್ರು.”

ಆಕೆ ಕಾಲ ಕೆಳಗಿನ ತಗ್ಗಾದ ಮಣ್ಣನ್ನು ನೋಡಿದಳು. ಆಮೇಲೆ ಹಿಂದೆ ಕೊಟ್ಟಿಗೆಯ ತನಕ, ಮುಂದೆ ಹಳ್ಳದ ತನಕ ಕಣ್ಣು ಹಾಯಿಸಿದಳು.

“ಯಾರೂ ಹೇಳದ... ಹಂಗಾದ್ರ ಈ ದಾರಿ ಖರೇನ ನಂದ ಐತಿ?”

“ಹೌದತ್ತಿ. ಖರೇನ ನಿಂದು.”

ಅತ್ತೆ ಅಲ್ಲೇ, ಹಾದಿಯ ನಟ್ಟನಡುವೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತುಬಿಟ್ಟಳು. ನಾನೂ ಅವಳ ಪಕ್ಕ ಕುಳಿತೆ.